ಕಾರಿನ ಬೆನ್ನಿಗೆ ಅಂಟಿಸಿದ ಕರಿ ಉಣ್ಣೆ

"ಇದು ನಮ್ಮಂತೋರ ಮನೇಲಿ ಆಗೋ ಮಾತಲ್ಲ" ಎಂದು ಮೊದಲು ಹೇಳಿದವರು ನನ್ನ ಸೋದರಮಾವ ತಿಪ್ಪೇಸ್ವಾಮಿ. ಸರ್ಕಾರಿ ಬಸ್ಸಿನ ಡ್ರೈವರು. ಇಪ್ಪತ್ತು ವರ್ಷಕ್ಕೂ ಮೇಲೆ ಸ್ಟೀರಿಂಗ್ ಹಿಡಿದವರು, ಹಾಗಾಗಿ ಗಾಡಿಯ ವಿಷಯದಲ್ಲಿ ಅವರ ಮಾತಿಗೆ ನಮ್ಮ ಮನೆಯಲ್ಲಿ ತೂಕ ಜಾಸ್ತಿ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರುತ್ತೇನೆ ಅಂದಾಗ ಹಾಗಂದರು. ಪಾಸಾಗಿ ಬಂದಾಗ, ನಮ್ಮ ವಂಶಕ್ಕೇ ಮೊದಲ ಡಿಗ್ರಿ ಅಂತ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಾಗ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಡ್ಯೂಟಿಗೆ ಹೋದರು. ಆಮೇಲೆ ನಾನು ವೇಗದ ಓಟದ ಟ್ರ್ಯಾಕಿಗೆ ಕಾರು ಸಿದ್ಧ ಮಾಡುವ ಕೆಲಸ ಕಲಿಯುತ್ತೇನೆ ಅಂದಾಗ ಅವರಿಗೆ ತಡೆಯಲಾಗಲಿಲ್ಲ.

"ಲೇ ಮಂಜಿ, ನೀನು ಬಿಚ್ಚಿ ಕಟ್ಟಿದ ಬ್ರೇಕ್ ನಂಬ್ಕಂಡು ಯಾವನೇ ಕಾರಲ್ಲಿ ಕುಂತ್ಕಂತಾನೆ?"

ಎರಡು ವರ್ಷ ಕಲಿತ ಮೇಲೆ, ಹೋದ ಆಷಾಢದಲ್ಲಿ, ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾಲ್ಕು ದಿನದ ಒಂದು ಪ್ರಯಾಣ ಮಾಡಿದೆ. ಹೊಳಲ್ಕೆರೆಯಿಂದ ಚಿತ್ರದುರ್ಗ, ಅಲ್ಲಿಂದ ಹಿರಿಯೂರು, ಹಿರಿಯೂರಿನಿಂದ ಹೊಸದುರ್ಗದ ಕಡೆ. ಒಂದೇ ಜಿಲ್ಲೆಯೊಳಗಿನ ತಿರುಗಾಟ. ಆದರೆ ನಾನು ಇದುವರೆಗೆ ಹೋದ ದೂರಗಳಲ್ಲಿ ಅದೇ ದೊಡ್ಡದು.

ಗುರುವಾರ ಬೆಳಗ್ಗೆ ಏಳಕ್ಕೆ ಹೊಳಲ್ಕೆರೆ ನಿಲ್ದಾಣದಲ್ಲಿ ದುರ್ಗದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಸೊನ್ನೆ, ಆಧಾರ್ ತೋರಿಸಿದರೆ ಸಾಕು. ನನ್ನ ಚೀಲ ಕಾಲಿಗೆ ತಾಗಿ ಕಂಡಕ್ಟರಮ್ಮ ನಿಂತರು.

"ಏನವ್ವ, ಒಳಗೇನು ಕಲ್ಲು ತುಂಬಿದ್ಯಾ?"

"ಸ್ಪ್ಯಾನರ್ ಅವೆ ಅಕ್ಕ."

"ಯಾರವು, ನಿಮ್ಮ ಯಜಮಾನ್ರವಾ?"

"ನನ್ನವೇ."

ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಹಂಗಾರೆ ಇಂಜಿನ್ ಕಡೆ ಬಂದು ಕುಂತ್ಕಳವ್ವ, ದಾರಿಯಾಗೆ ಕೆಟ್ರೆ ಕರೀತೀನಿ" ಅಂದರು. ಹಿಂದಿನ ಸೀಟಿನವರೆಲ್ಲ ನಕ್ಕರು.

ಚೀಲದಲ್ಲಿ ಸ್ಪ್ಯಾನರುಗಳ ಜೊತೆ ಎರಡು ಜೊತೆ ಬಟ್ಟೆ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಕಟ್ಟು ಕರಿ ಉಣ್ಣೆಯ ನೂಲು. ನಾವು ಕಂಬಳಿ ನೇಯುವ ಮನೆಯವರು. ಅಪ್ಪ ನೇಯ್ದ, ಅವ್ವ ನೂತಳು. ಆ ನೂಲಲ್ಲೇ ನನ್ನ ಹಾಸ್ಟೆಲ್ಲು, ಪುಸ್ತಕ, ಪರೀಕ್ಷೆ ಎಲ್ಲ ನಡೆಯಿತು. ಈ ಪ್ರಯಾಣಕ್ಕೂ ಅದು ಬೇಕಾಗಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ವರ್ಕ್‌ಶಾಪ್ ಇರುವುದು ದುರ್ಗದ ಹೊರಗೆ, ಜೋಗಿಮಟ್ಟಿ ಗುಡ್ಡ ಕಾಣುವ ಕಡೆ. ಅಂಗಳದಲ್ಲಿ ನಿಂತರೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಆಷಾಢದಲ್ಲಿ ಅವುಗಳಿಗೆ ಬಿಡುವಿಲ್ಲ. ನನ್ನ ಗುರು ಇಮ್ತಿಯಾಜ್ ಮೇಸ್ತ್ರಿ ಬೆಳಗ್ಗೆ ಬಂದ ತಕ್ಷಣ ಆ ಕಡೆ ನೋಡಿಯೇ ಷಟರ್ ಎತ್ತುವುದು. ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ.

ನಾನು ಸಿದ್ಧ ಮಾಡಬೇಕಿದ್ದ ಕಾರು ಊರಿನ ಹಲ್ಲಿನ ಡಾಕ್ಟರ್ ಸುಮಂತ್ ಅವರದು. ಬಿಳಿ ಬಣ್ಣದ, ಎರಡು ಬಾಗಿಲಿನ, ತಗ್ಗು ಕಾರು, ಟ್ರ್ಯಾಕ್ ಡೇಗೆ ಅಂತಲೇ ಇಟ್ಟುಕೊಂಡದ್ದು. ಟ್ರ್ಯಾಕ್ ಡೇ ಅಂದರೆ ರೇಸಲ್ಲ, ಯಾರೂ ಯಾರನ್ನೂ ಸೋಲಿಸಬೇಕಿಲ್ಲ. ವೇಗದ ಆಸೆ ಇರುವವರು ಊರ ರಸ್ತೆಯಲ್ಲಿ ಅದನ್ನು ತೀರಿಸಿಕೊಳ್ಳದೆ, ಬೇಲಿ ಹಾಕಿದ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸುತ್ತಾರೆ. ನನ್ನ ಎರಡು ವರ್ಷದ ಕಲಿಕೆಯ ಕೊನೆಯ ಪರೀಕ್ಷೆಯೂ ಅಲ್ಲೇ. ನಾನು ಸಿದ್ಧ ಮಾಡಿದ ಕಾರು ಪೂರ್ತಿ ವೇಗದಿಂದ ಐದು ಸಲ, ಬಿಳಿ ಗುರುತಿನೊಳಗೆ, ನೇರವಾಗಿ ನಿಲ್ಲಬೇಕು. ನಿಂತರೆ ಸರ್ಟಿಫಿಕೇಟ್, ಅಲ್ಲಿಂದ ಮುಂದೆ ಬ್ರೇಕಿನ ಕೆಲಸಕ್ಕೆ ನನ್ನ ಸಹಿ ನಡೆಯುತ್ತದೆ. ನಿಲ್ಲದಿದ್ದರೆ ಇನ್ನೊಂದು ವರ್ಷ ಬೇರೆಯವರ ಸಹಿಯ ಕೆಳಗೆ ಕೆಲಸ.

ಗುರುವಾರ, ಶುಕ್ರವಾರ ಎರಡೂ ದಿನ ಬ್ರೇಕಿಗೇ ಹೋಯಿತು. ಹಳೆಯ ಬ್ರೇಕ್ ಆಯಿಲ್ ತೆಗೆದು, ಹೆಚ್ಚು ಬಿಸಿ ತಡೆಯುವ ಹೊಸದನ್ನು ತುಂಬಿ, ಪೈಪಿನೊಳಗೆ ಒಂದು ಗುಳ್ಳೆಯೂ ಇಲ್ಲ ಅನ್ನುವವರೆಗೆ ಪೆಡಲ್ ಒತ್ತಿಸಿದೆ. ಟ್ರ್ಯಾಕಿನ ಬಿಸಿ ತಡೆಯುವ ಬ್ರೇಕ್ ಪ್ಯಾಡು ಹಾಕಿದೆ. ಮುಂದಿನ ಬಂಪರಿನಿಂದ ಬ್ರೇಕಿನ ತಟ್ಟೆಗೆ ಗಾಳಿ ಹೋಗಲು ತೋಳಿನ ಗಾತ್ರದ ಕೊಳವೆ ಎಳೆದೆ. ಡಾಕ್ಟರು ಮಧ್ಯಾಹ್ನ ಬಂದು ಬಗ್ಗಿ ನೋಡಿದರು.

"ಹಲ್ಲು ಕೊರೆಯುವಾಗ ನಾವೂ ನೀರು ಬಿಡ್ತೀವಲ್ಲ, ಬಿಸಿಯಾಗಬಾರ್ದು ಅಂತ, ಹಂಗೇ ಅಲ್ವೇನಮ್ಮ ಇದು?"

"ಹಂಗೇ ಸಾರ್. ಆದ್ರೆ ನೋವಾದ್ರೆ ಬ್ರೇಕು ಬಾಯಿ ಬಿಟ್ಟು ಹೇಳಲ್ಲ."

ಇನ್ನು ಗಾಳಿಯ ಕೆಲಸ. ಕಾರಿನ ಬೆನ್ನ ಮೇಲೆ ಒಂದು ರೆಕ್ಕೆ ಇರುತ್ತದೆ. ವಿಮಾನದ ರೆಕ್ಕೆ ಮೇಲಕ್ಕೆತ್ತಿದರೆ, ಇದು ಕೆಳಕ್ಕೆ ಒತ್ತುತ್ತದೆ. ಬ್ರೇಕ್ ಒತ್ತಿದಾಗ ಮೂತಿ ಕೆಳಗಾಗಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಆಗ ಅವನ್ನು ನೆಲಕ್ಕೆ ಹಿಡಿಯುವುದು ಈ ರೆಕ್ಕೆ. ಆದರೆ ಅದಕ್ಕೆ ಸರಾಗವಾದ ಗಾಳಿ ಸಿಗಬೇಕು. ಹಿಂದಿನ ಗಾಜಿನ ಮೇಲೆ ಬರುವ ಗಾಳಿ ಸುಳಿಯಾಗಿ ಒಡೆದರೆ ರೆಕ್ಕೆ ಇದ್ದೂ ಇಲ್ಲ. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೇ ನೂಲು. ನಾಲ್ಕು ಬೆರಳುದ್ದದ ಉಣ್ಣೆ ತುಂಡುಗಳನ್ನು ಕಾರಿನ ಮೈಗೆಲ್ಲ ಅಂಟಿಸಿ, ಅದು ಓಡುವಾಗ ಪಕ್ಕದ ಕಾರಿನಿಂದ ವಿಡಿಯೋ ತೆಗೆಯುವುದು. ನೂಲು ಹಿಂದಕ್ಕೆ ನೇರ ಮಲಗಿದರೆ ಗಾಳಿ ಚೆನ್ನಾಗಿದೆ, ಕುಣಿದರೆ ಕೆಟ್ಟಿದೆ.

ಮೇಸ್ತ್ರಿ ಅಂಗಡಿಯಿಂದ ಉಲ್ಲನ್ ದಾರ ತರಿಸುತ್ತೇನೆ ಅಂದರು. ನಾನು ಬಿಡಲಿಲ್ಲ. "ಪ್ಯಾಟೆ ದಾರ ಯಾಕೆ ಮೇಸ್ತ್ರಿ, ನಮ್ಮನೆ ಉಣ್ಣೆ ಐತೆ. ಬಿಳಿ ಕಾರಿಗೆ ಕರಿ ನೂಲು ಎದ್ದು ಕಾಣ್ತತೆ" ಅಂತ ಚೀಲದಿಂದ ಕಟ್ಟು ತೆಗೆದೆ. ನಮ್ಮ ಮಗ್ಗದಲ್ಲಿ ಕಂಬಳಿ ಇಳಿಸಿದ ಮೇಲೆ ಉಳಿಯುವ ತುದಿ ನೂಲು ಅದು. ನನ್ನ ಮನೆಯ ವಸ್ತುವೊಂದು ಇಂಥ ಕೆಲಸಕ್ಕೆ ಬಂತು ಅಂತ ನನಗೆ ಬಹಳ ಹೆಮ್ಮೆ. ಶುಕ್ರವಾರ ಸಂಜೆ ಕೂತು ಎಂಬತ್ತು ತುಂಡು ಅಂಟಿಸಿದೆ.

ಶನಿವಾರ ಕಾರನ್ನು ಲಾರಿಯ ಮೇಲೆ ಕಟ್ಟಿಕೊಂಡು ಹಿರಿಯೂರಿಗೆ ಹೊರಟೆವು. ನಲವತ್ತು ಕಿಲೋಮೀಟರ್, ಹೆದ್ದಾರಿ, ಒಂದು ಗಂಟೆ. ದಾರಿಯಲ್ಲಿ ಪಕ್ಕದ ಬಸ್ಸಿನ ಮಕ್ಕಳು ನೂಲು ಅಂಟಿಸಿದ ಕಾರು ನೋಡಿ ಕಿಟಕಿಗೆ ಮುಖ ಒತ್ತಿದರು. "ಕಾರಿಗೆ ಕೂದ್ಲು ಬಂದವೆ!" ಅಂತ ಒಂದು ಕೂಗಿತು. ಹಿರಿಯೂರಿನಲ್ಲಿ ತಟ್ಟೆ ಇಡ್ಲಿ ತಿಂದೆವು. ಅಲ್ಲಿಂದ ಹೊಸದುರ್ಗದ ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್ ಹೋದರೆ ಬಯಲ ಮಧ್ಯೆ ಖಾಸಗಿಯವರ ಟ್ರ್ಯಾಕು. ಸುತ್ತ ಜಾಲಿ, ಮೇಲೆ ಮೋಡ, ಮಳೆಯಿಲ್ಲ. ಪಡುವಣ ಗಾಳಿ ಟೋಪಿ ನಿಲ್ಲಗೊಡುತ್ತಿರಲಿಲ್ಲ.

ಪರೀಕ್ಷಕರು ಜೋಸೆಫ್ ಸರ್, ಮಂಗಳೂರಿನ ಕಡೆಯವರು. ಒಂದು ಸುತ್ತು ಓಡಿಸಿ ತೆಗೆದ ನೂಲಿನ ವಿಡಿಯೋ ಎಲ್ಲರೂ ನೋಡಿದೆವು. ಎಂಬತ್ತು ತುಂಡೂ ಬಾಚಿದ ಹಾಗೆ ಹಿಂದಕ್ಕೆ ಮಲಗಿದ್ದವು. ಅಷ್ಟು ಚೆಂದದ ವಿಡಿಯೋ ನಾನು ಪಾಠದಲ್ಲೂ ನೋಡಿರಲಿಲ್ಲ. "ರೆಕ್ಕೆಗೆ ಗಾಳಿ ಸರಿಯಾಗಿ ಸಿಗ್ತಿದೆ ಸರ್" ಅಂತ ಬರೆದುಕೊಟ್ಟೆ.

ಡಾಕ್ಟರು ಮೊದಲ ಸಲ ಪೂರ್ತಿ ವೇಗದಿಂದ ಬ್ರೇಕ್ ಒತ್ತಿದಾಗ ಕಾರಿನ ಹಿಂಭಾಗ ಬಾಲ ಅಲ್ಲಾಡಿಸಿದ ಹಾಗೆ ಅಲ್ಲಾಡಿತು. ಗಾಳಿ ಸರಿ ಇದೆ ಅಂತ ನಾನೇ ಬರೆದಾಗಿತ್ತು. ಹಾಗಾದರೆ ತಪ್ಪು ಬ್ರೇಕಿನದೇ ಇರಬೇಕು. ಹಿಂದಿನ ಬ್ರೇಕು ಜಾಸ್ತಿ ಹಿಡಿಯುತ್ತಿದೆ ಅಂದುಕೊಂಡು, ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ತಿರುಪನ್ನು ಮುಂದಕ್ಕೆ ಎರಡು ಸುತ್ತು ತಿರುಗಿಸಿದೆ. ಅಲ್ಲಾಟ ಕಮ್ಮಿಯಾಯಿತು. ಆದರೆ ಮೂರನೇ ಓಟಕ್ಕೆ ಎಲ್ಲ ಭಾರವೂ ಮುಂದಿನ ಬ್ರೇಕಿನ ಮೇಲೆ ಬಿದ್ದು, ಆಯಿಲ್ ಕುದ್ದು, ಪೆಡಲ್ ಮೆತ್ತಗಾಯಿತು. ಕಾರು ಬಿಳಿ ಗುರುತು ದಾಟಿ, ಟ್ರ್ಯಾಕ್ ದಾಟಿ, ಮಣ್ಣಿನ ದಿಬ್ಬಕ್ಕೆ ಮೂತಿ ಇಟ್ಟು ನಿಂತಿತು.

ನಾವು ಓಡಿದೆವು. ಡಾಕ್ಟರಿಗೆ ಏನೂ ಆಗಿರಲಿಲ್ಲ. ಇಳಿದು, ಹೆಲ್ಮೆಟ್ ತೆಗೆದು, ನೀರು ಕೇಳಿದರು. ಬಾಟಲಿ ಹಿಡಿದ ಅವರ ಕೈ ನಡುಗುತ್ತಿತ್ತು. ದಿನಾ ಜನರ ಬಾಯೊಳಗೆ ಕೂದಲೆಳೆ ಅಲುಗದೆ ಕೆಲಸ ಮಾಡುವ ಕೈ ಅದು.

ಜೋಸೆಫ್ ಸರ್ ನನ್ನ ಕಾಗದ ಮಡಚಿ ವಾಪಸ್ ಕೊಟ್ಟರು. "ನಾಳೆ ಮಧ್ಯಾಹ್ನ ಹನ್ನೆರಡರವರೆಗೆ ಟೈಮ್ ಉಂಟು. ನೀವು ನೋಡಿದ್ದರಲ್ಲಿ ಯಾವುದೋ ಒಂದು ಸರಿ ಇಲ್ಲ. ಯಾವುದು ಅಂತ ನಾನು ಹೇಳುವ ಹಾಗಿಲ್ಲ."

ಮೇಸ್ತ್ರಿಗೆ, ಡಾಕ್ಟರಿಗೆ, ಲಾರಿಯವರಿಗೆ ಹಿರಿಯೂರಲ್ಲಿ ಲಾಡ್ಜ್ ಇತ್ತು. ನನಗೆ ದೊಡ್ಡಮ್ಮನ ಮನೆ. ದೊಡ್ಡಮ್ಮ, ಅಂದರೆ ಅವ್ವನ ಅಕ್ಕ ಕೆಂಚಮ್ಮ, ಇರುವುದು ಅದೇ ರಸ್ತೆಯಲ್ಲಿ ಮುಂದೆ, ಹೊಸದುರ್ಗಕ್ಕೆ ಮುಂಚಿನ ಒಂದು ಹಳ್ಳಿಯಲ್ಲಿ. ಒಂದು ನೂಲು ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಹಿರಿಯೂರಿಗೆ ಬಂದು ಮೂರು ಗಂಟೆಯ ಬಸ್ಸು ಹತ್ತಿದೆ. ಮಾರಿಕಣಿವೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಎಲ್ಲರೂ ಇಳಿದು ಡ್ಯಾಮಿನ ನೀರು ನೋಡಿದರು, ಮೀನು ಹುರಿಯುವ ವಾಸನೆ ಬರುತ್ತಿತ್ತು. ನಾನು ಸೀಟಿನಿಂದ ಏಳಲಿಲ್ಲ. ಆ ಬಾಟಲಿ ಹಿಡಿದ ಕೈಯೇ ಕಣ್ಣ ಮುಂದೆ.

ದೊಡ್ಡಮ್ಮ ಜಗುಲಿಯಲ್ಲಿ ಉಣ್ಣೆ ಬಿಡಿಸುತ್ತಾ ಕೂತಿದ್ದಳು. ಎದ್ದು ಬರಲಿಲ್ಲ, ಅಲ್ಲಿಂದಲೇ ನನ್ನ ಮುಖ ಓದಿದಳು.

"ಯಾರು ಏನಂದ್ರೇ ಮಂಜಿ?"

"ಯಾರೂ ಏನೂ ಅನ್ಲಿಲ್ಲ ದೊಡ್ಡವ್ವ. ಅದೇ ಕಷ್ಟ."

"ಹಂಗಾರೆ ಮೊದ್ಲು ಮುದ್ದೆ ಉಣ್ಣು. ಆಮ್ಯಾಲೆ ಅಳುವಂತೆ."

ಉಂಡೆ. ಕಾರು, ಗಾಳಿ, ರೆಕ್ಕೆ ಎಲ್ಲ ಹೇಳಿದೆ. ಅವಳು ತಲೆಯಾಡಿಸುತ್ತಾ ಕೇಳಿದಳು, ಎಷ್ಟು ತಿಳಿಯಿತೋ. ಕೊನೆಗೆ ಜೇಬಿನ ನೂಲು ತೆಗೆದು ತೋರಿಸಿ, "ಇದ್ನ ಅಂಟಿಸಿ ಗಾಳಿ ನೋಡಿದ್ದು" ಅಂದೆ. ಅವಳು ಅದನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒಂದು ಸಲ ಹೊರಳಿಸಿದಳು. ಅಷ್ಟೇ. ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಯ್ಯೋ ನನ್ ಇಂಜಿನಿಯರವ್ವ! ಇದು ಹಾಸಿನ ನೂಲು ಕಣೆ. ಹೊಟ್ಟೆ ತುಂಬ ಗಂಜಿ ಕುಡಿದೈತೆ. ಇದು ಗಾಳಿಗಲ್ಲ, ಬಿರುಗಾಳಿಗೂ ಬಗ್ಗಲ್ಲ!"

ಕಂಬಳಿಗೆ ಉದ್ದಕ್ಕೆ ಹಾಸುವ ನೂಲಿಗೆ ಹುಣಸೆಬೀಜದ ಗಂಜಿ ಬಳಿಯುತ್ತಾರೆ, ಮಗ್ಗದಲ್ಲಿ ಹರಿಯದೆ ಬಿರುಸಾಗಿ ನಿಲ್ಲಲಿ ಅಂತ. ಅಡ್ಡಕ್ಕೆ ಹೊಗಿಸುವ ನೂಲಿಗೆ ಗಂಜಿ ಇಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕವಳಿದ್ದಾಗ ಓಣಿಯುದ್ದಕ್ಕೂ ಹಾಸು ಕಟ್ಟಿ ಅಪ್ಪ ದೊಡ್ಡ ಕುಂಚದಲ್ಲಿ ಗಂಜಿ ಬಳಿಯುತ್ತಿದ್ದರೆ, ಆ ಕಡೆಯ ಗೂಟ ಹಿಡಿದು ನಿಲ್ಲುತ್ತಿದ್ದವಳು ನಾನೇ. ಓಣಿಯ ಜನ ಬಾಗಿ ದಾಟಿಕೊಂಡು ಹೋಗುತ್ತಿದ್ದರು. ಪುಸ್ತಕದಲ್ಲಿ ಉಣ್ಣೆ ಅಂತ ಇತ್ತು, ಮನೆಯಲ್ಲಿ ಉಣ್ಣೆ ಇತ್ತು, ತಂದುಬಿಟ್ಟೆ. ಅಂಗಡಿ ದಾರ ತಂದಿದ್ದರೂ ಈ ತಪ್ಪು ಆಗುತ್ತಿರಲಿಲ್ಲ. ವಿಡಿಯೋದಲ್ಲಿ ಆ ಎಂಬತ್ತು ತುಂಡು ನೇರ ಮಲಗಿದ್ದು ಗಾಳಿಯಿಂದಲ್ಲ, ಗಂಜಿಯಿಂದ.

ದೊಡ್ಡಮ್ಮ ನಗು ನಿಲ್ಲಿಸಿ ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಹೋಗ್ಲಿ ಬಿಡು. ಹೊತ್ತು ಮುಳುಗಕ್ಕೆ ಇನ್ನೂ ಟೈಮೈತೆ. ಮರಿ ಉಣ್ಣೆ ಐತೆ, ಮೊದ್ಲ ಕತ್ತರಿದು. ನೂತು ಕೊಡ್ತೀನಿ." ಕುರಿಮರಿಗಳ ಮೊದಲ ಉಣ್ಣೆ ಮಗುವಿನ ಕೂದಲಿನಷ್ಟು ಮೆತ್ತಗೆ. ಅವಳು ನೂತಳು, ನಾನು ನಾಲ್ಕು ಬೆರಳಿಗೆ ಅಳೆದು ಕತ್ತರಿಸಿದೆ. ಒಂದು ತುಂಡು ಅಂಗೈ ಮೇಲಿಟ್ಟು ಉಸಿರು ಬಿಟ್ಟರೆ ಸುರುಳಿಯಾಗಿ ಎದ್ದು ಕುಣಿಯಿತು.

ಭಾನುವಾರ ಬೆಳಗ್ಗೆ ಆರಕ್ಕೆ ಹಿರಿಯೂರಿನ ಬಸ್ಸು ಬಂತು. ಹತ್ತಿ ನೋಡಿದರೆ ಡ್ರೈವರ್ ಸೀಟಿನಲ್ಲಿ ತಿಪ್ಪೇಸ್ವಾಮಿ ಮಾವ. ಆ ವಾರ ಅವರಿಗೆ ಆ ರೂಟು ಬಿದ್ದಿದೆ ಅಂತ ನನಗೆ ಗೊತ್ತಿರಲಿಲ್ಲ. ಇಂಜಿನ್ ಪಕ್ಕದಲ್ಲಿ ಕೂತೆ. ಎರಡು ಊರು ದಾಟಿದ ಮೇಲೆ ಮಾವ ಕೇಳಿದರು.

"ಏನಾತು ಪರೀಕ್ಷೆ?"

ಸುಳ್ಳು ಹೇಳಬಹುದಿತ್ತು. "ನಿನ್ನೆ ತಪ್ಪು ಮಾಡ್ದೆ ಮಾವ. ಬ್ರೇಕ್ ಹೋಗಿ ಕಾರು ಮಣ್ಣಿಗೆ ಬಿತ್ತು."

'ನಾನು ಹೇಳ್ಲಿಲ್ವಾ' ಅನ್ನುತ್ತಾರೆ ಅಂತ ಕಾದೆ. ಅವರು ಗೇರು ಇಳಿಸಿ, ತಿರುವು ಮುಗಿಸಿ, "ನಂಗೂ ಒಂದ್ಸಲ ಹೋಗಿತ್ತು, ಹೊಳಲ್ಕೆರೆ ಇಳಿಜಾರಿನಾಗೆ. ನಲವತ್ತು ಜನ ಒಳಗೆ" ಅಂದರು. "ಮನೇಲಿ ಯಾರ್ಗೂ ಹೇಳಿಲ್ಲ. ಮಾರ್ನೇ ದಿನ ಸ್ಟೀರಿಂಗ್ ಹಿಡಿಯಾಕೆ ಕೈ ಬರ್ಲಿಲ್ಲ."

"ಆಮೇಲೆ?"

"ಆಮೇಲೇನು. ಜನ ಹತ್ತಿ ಕುಂತಿದ್ರಲ್ಲ. ಹೊರಟೆ."

ಟ್ರ್ಯಾಕಿನ ಗೇಟು ಬಂದಾಗ ಬಸ್ಸು ನಿಧಾನವಾಯಿತು. ನಡುದಾರಿಯಲ್ಲಿ ಇಳಿಸಿ ಅಂದವರಿಗೆ ಇಷ್ಟು ವರ್ಷ 'ಇಲ್ಲಿ ಸ್ಟಾಪಿಲ್ಲ' ಅಂತ ಗದರಿಸಿದ ಮನುಷ್ಯ, ಬಯಲಿನ ಮಧ್ಯೆ ಬಸ್ಸು ನಿಲ್ಲಿಸಿದರು. "ಇಲ್ಲಿ ಸ್ಟಾಪಿಲ್ಲ. ಇಳಿ" ಅಂದರು.

ಒಳಗೆ ಹೋಗಿ ಮೊದಲು ಡಾಕ್ಟರ ಹತ್ತಿರ ನಿಂತೆ. ಗಂಜಿಯ ಕತೆ ಒಂದಕ್ಷರ ಬಿಡದೆ ಹೇಳಿದೆ. ಮೇಸ್ತ್ರಿ ಪಕ್ಕಕ್ಕೆ ತಿರುಗಿ ಕೆಮ್ಮಿದರು; ನಗು ಅದು. "ಸಾರ್, ಇನ್ನೊಂದ್ಸಲ ಕೂರ್ತೀರಾ ಅಂತ ಕೇಳೋ ಹಕ್ಕು ನನಗಿಲ್ಲ. ಕೂತ್ರೆ, ಮೊದಲ ಓಟಕ್ಕೆ ನಿಮ್ಮ ಪಕ್ಕ ನಾನೂ ಕೂರ್ತೀನಿ" ಅಂದೆ.

ಡಾಕ್ಟರು ಹೆಲ್ಮೆಟ್ ಕೈಗೆತ್ತಿಕೊಂಡರು. "ನನ್ನ ಹತ್ರ ಒಂದ್ಸಲ ನೋವು ತಿಂದವರೂ ಮತ್ತೆ ಬಂದು ಬಾಯಿ ತೆಗೀತಾರಮ್ಮ. ಯಾಕೆ ಅಂತ ನಂಗೂ ಗೊತ್ತಿಲ್ಲ. ನೂಲು ಅಂಟಿಸು."

ಮರಿ ಉಣ್ಣೆ ನಿಜ ಹೇಳಿತು. ಮುಂಭಾಗದಲ್ಲಿ, ಚಾವಣಿಯ ಮೇಲೆ ನೂಲುಗಳು ನೇರ ಮಲಗಿದ್ದವು. ಹಿಂದಿನ ಗಾಜು ಶುರುವಾದ ಕೂಡಲೇ ಹುಚ್ಚೆದ್ದು ಕುಣಿದವು, ಕೆಲವು ಮುಂದಕ್ಕೇ ತಿರುಗಿ ನಿಂತವು. ರೆಕ್ಕೆ ಆ ಸುಳಿಯೊಳಗೆ ಮುಳುಗಿತ್ತು. ಬ್ರೇಕಿನದು ಏನೂ ತಪ್ಪಿರಲಿಲ್ಲ. ರೆಕ್ಕೆಯನ್ನು ಸುಳಿಯಿಂದ ಮೇಲಕ್ಕೆತ್ತಬೇಕು, ಅಷ್ಟೇ.

ಮೇಸ್ತ್ರಿ ಜೊತೆ ಹಿರಿಯೂರಿಗೆ ಓಡಿದೆ. ಆದಿವಾಲದ ರಸ್ತೆಯಲ್ಲಿ ಬೋರ್‌ವೆಲ್ ಲಾರಿಗಳ ಭಾಗ ಮಾಡುವ ಒಂದು ಲೇತ್ ಅಂಗಡಿ. ಭಾನುವಾರ ಬಾಗಿಲು ಹಾಕಿತ್ತು. ಮಾಲೀಕರು ಲುಂಗಿಯಲ್ಲೇ ಬಂದು ತೆಗೆದರು. "ಬೋರಿಗಾ?" "ಇಲ್ಲ, ರೆಕ್ಕೆಗೆ." "ಯಾವ್ದಾದ್ರೇನು, ಅಳತೆ ಹೇಳ್ರಿ." ಗೇಣಿಗೆ ಎರಡು ಬೆರಳು ಕಮ್ಮಿ ಎತ್ತರದ ಎರಡು ಅಲ್ಯುಮಿನಿಯಂ ಕಂಬ ಕೊಯ್ದು, ತೂತು ಹಾಕಿಸಿ, ಹನ್ನೊಂದಕ್ಕೆ ಮುಂಚೆ ರೆಕ್ಕೆಯನ್ನು ಅವುಗಳ ಮೇಲೆ ಕೂರಿಸಿದೆ. ಮತ್ತೆ ನೂಲು ನೋಡಿದೆವು. ರೆಕ್ಕೆಯ ಮೇಲಿನವು ಮಲಗಿದ್ದವು. ಬ್ರೇಕಿನ ತಿರುಪನ್ನು ಎರಡು ಸುತ್ತು ವಾಪಸ್ ತಿರುಗಿಸಿ, ಕುದ್ದ ಆಯಿಲ್ ತೆಗೆದು ಹೊಸದು ತುಂಬಿ, ಪ್ಯಾಡು ಬದಲಿಸಿ, ನಿಧಾನಕ್ಕೆ ಕಾಯಿಸಿ ಪಳಗಿಸಿದೆ.

ಮೊದಲ ಓಟಕ್ಕೆ ಹೆಲ್ಮೆಟ್ ಹಾಕಿಕೊಂಡು ಡಾಕ್ಟರ ಪಕ್ಕ ಕೂತೆ. ಜಾಲಿ ಗಿಡಗಳು ಒಂದು ಹಸಿರು ಪಟ್ಟಿಯಾಗಿ ಹಿಂದಕ್ಕೆ ಹರಿದವು. ಬಿಳಿ ಗುರುತು ಎದುರಿಗೆ ಬಂತು. ನನ್ನ ಬಲಗಾಲು, ನನ್ನ ಕಡೆ ಇಲ್ಲದ ಪೆಡಲನ್ನು ಒತ್ತಿತು. ಡಾಕ್ಟರು ನಿಜವಾದ್ದನ್ನು ಒತ್ತಿದರು. ಬೆಲ್ಟು ಎದೆಯನ್ನು ಹಿಂಡಿತು, ಮೂತಿ ತಗ್ಗಿತು, ಹಿಂಭಾಗ ನೆಲ ಬಿಡಲಿಲ್ಲ. ಕಾರು ಗುರುತಿಗೆ ಮೂರು ಹೆಜ್ಜೆ ಮುಂಚೆ, ಗೆರೆ ಎಳೆದ ಹಾಗೆ ನಿಂತಿತು. ಡಾಕ್ಟರು ಸ್ಟೀರಿಂಗಿನಿಂದ ಎರಡೂ ಕೈ ಎತ್ತಿ ನನ್ನ ಮುಂದೆ ಹಿಡಿದರು. ನಡುಗುತ್ತಿರಲಿಲ್ಲ.

ಉಳಿದ ನಾಲ್ಕು ಓಟ ಅವರೊಬ್ಬರೇ ಹೋದರು. ಐದನೆಯದು ಮುಗಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಜೋಸೆಫ್ ಸರ್ ನಿನ್ನೆಯ ನನ್ನ ಕಾಗದ ಕೇಳಿ ಪಡೆದು, ಅದರ ಬೆನ್ನಿಗೆ ಗಂಜಿಯ ವಿಷಯ ನನ್ನ ಕೈಯಲ್ಲೇ ಬರೆಸಿದರು. "ಇದು ಮುಂದಿನವರಿಗೆ ಬೇಕು" ಅಂದರು. ಆಮೇಲೆ ಎದ್ದು ನಿಂತು, ಎರಡೂ ಕೈಯಲ್ಲಿ ಸರ್ಟಿಫಿಕೇಟ್ ಕೊಟ್ಟರು. ಮೇಸ್ತ್ರಿ ಮುಟ್ಟಲಿಲ್ಲ, ಕೈಯಲ್ಲಿ ಗ್ರೀಸಿದೆ ಅಂತ. ದೂರದಿಂದಲೇ ಬಗ್ಗಿ ಓದಿದರು.

ನಾಲ್ಕು ಗಂಟೆಗೆ ಗೇಟಿನ ಮುಂದೆ ನಿಂತೆ. ಸ್ಟಾಪಿಲ್ಲದ ಕಡೆ ಬಸ್ಸು ತಾನಾಗೇ ನಿಂತಿತು. ಮಾವ ಕೈ ಚಾಚಿ ಸರ್ಟಿಫಿಕೇಟ್ ಇಸಕೊಂಡು, ಇಂಜಿನ್ ಓಡುತ್ತಿದ್ದ ಹಾಗೇ, ಮೊದಲಿಂದ ಕೊನೆವರೆಗೆ ಓದಿದರು.

"ಏನ್ರಿ ಡ್ರೈವರಣ್ಣ, ಲವ್ ಲೆಟ್ರಾ? ಹೋಗಾಣ!" ಅಂತ ಹಿಂದಿನಿಂದ ಯಾರೋ ಕೂಗಿದರು.

"ತಡಿಯಪ್ಪ, ನಮ್ ಹುಡುಗಿದು" ಅಂದರು ಮಾವ. "ಬ್ರೇಕಿಂದು." ನಾನು ದೊಡ್ಡಮ್ಮನ ಊರಲ್ಲಿ ಇಳಿಯುವಾಗ, "ನಾಳೆ ನನ್ ಬೈಕ್ ನೋಡು. ಹಿಂದಿನ ಬ್ರೇಕ್ ಹಿಡೀತಿಲ್ಲ" ಅಂದರು.

ದೊಡ್ಡಮ್ಮ ಅದೇ ಜಗುಲಿಯಲ್ಲಿದ್ದಳು. ಅವಳಿಗೆ ಓದು ಬರುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು, ತಲೆಕೆಳಗಾಗಿ ಹಿಡಿದಳು, ನಾನು ಸರಿಮಾಡಲಿಲ್ಲ. ನೂಲು ನೋಡುವ ಹಾಗೆಯೇ ಅದರ ಅಂಚನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ನಿಧಾನಕ್ಕೆ ಹೊರಳಿಸಿದಳು. ದಪ್ಪ ಕಾಗದ, ಬಗ್ಗಲಿಲ್ಲ.

"ಇದುಕ್ಕೂ ಗಂಜಿ ಹಾಕವ್ರೇನೆ?"

"ಹೂಂ ದೊಡ್ಡವ್ವ, ಹಾಕವ್ರೆ."

ಅವಳು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಗಲ್ಲ ಮುಟ್ಟಿದಳು.

"ಹಂಗಾರೆ ಇರ್ಲಿ ಬಿಡು. ಹರಿಯಲ್ಲ."